ಜಂಬಮ್ಮ ಬಡಿಸಿದ ಬಿಸಿನೆಸ್ ಕ್ಲಾಸ್

ಬಾದನಹಟ್ಟಿಯ ಜಂಬಮ್ಮನವರನ್ನು ಸಿರುಗುಪ್ಪದ ತಿಪ್ಪೇರುದ್ರಪ್ಪನವರಿಗೆ ಕೊಟ್ಟು ಮದುವೆ ಮಾಡಿದ್ದು ೧೯೬೧ರಲ್ಲಿ. ಆ ಮದುವೆಯ ಬಗ್ಗೆ ಸಿರುಗುಪ್ಪದ ಹಳಬರಿಗೆ ನೆನಪಿರುವುದು ಒಂದೇ ಸಂಗತಿ. ಅಕ್ಕಿಕಾಳು ಬಿದ್ದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಚಪ್ಪರದಲ್ಲಿ ಜನ ಊಟಕ್ಕೆ ಕೂತಿದ್ದರು. ಗೋಧಿ ಹುಗ್ಗಿಯ ಮೇಲೆ ತುಪ್ಪ ಬಡಿಸುತ್ತ ಬಂದವನು ಮೂರನೆಯ ಸಾಲು ಬಂದ ಕೂಡಲೇ ಗಿಂಡಿ ಎತ್ತಿಕೊಂಡು ವಾಪಸು ಹೊರಟ. ಮೊದಲ ಎರಡು ಸಾಲು ಬೀಗರದು, ಮೂರನೆಯದು ಗದ್ದೆ ಕೆಲಸದವರದು. ಮಂಟಪದಲ್ಲಿ ಕೂತಿದ್ದ ಮದುಮಗಳು ಅದನ್ನು ನೋಡಿದರು, ನೋಡಿ ಎದ್ದರು. ಸೆರಗಿಗೆ ಗಂಟು ಹಾಕಿದ್ದ ಶಲ್ಯವೂ, ಶಲ್ಯದ ಹಿಂದೆ ಮದುಮಗನೂ ಏಳಬೇಕಾಯಿತು. ಹಣೆಗೆ ಬಾಸಿಂಗ ಕಟ್ಟಿಕೊಂಡ ಹದಿನೆಂಟು ವರ್ಷದ ಹುಡುಗಿ ಗಿಂಡಿ ಕಿತ್ತುಕೊಂಡು ಮೂರನೆಯ ಸಾಲಿನಿಂದ ಕಡೆಯ ಸಾಲಿನವರೆಗೆ ತುಪ್ಪ ಬಡಿಸಿದಳು. ತಿಪ್ಪೇರುದ್ರಪ್ಪ ಗಂಟು ಬಿಚ್ಚಿಕೊಳ್ಳದಂತೆ ಶಲ್ಯ ಹಿಡಿದುಕೊಂಡು ಹಿಂದೆ ಹಿಂದೆ ನಡೆದರು. ಅವರ ಸಂಸಾರವೂ ಮುಂದೆ ಅದೇ ರೀತಿ ನಡೆಯಿತು ಎಂದು ಬಲ್ಲವರು ಹೇಳುತ್ತಾರೆ.

ತಿಪ್ಪೇರುದ್ರಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಗಿರಣಿ ನಿಂತ ಮೇಲೆ ಇಬ್ಬರೂ ಬಳ್ಳಾರಿಗೆ ಬಂದು ಗಾಂಧಿನಗರದಲ್ಲಿ ಒಂದು ಖಾನಾವಳಿ ತೆರೆದರು. ಅದಕ್ಕೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಸಿರುಗುಪ್ಪದ ಅಕ್ಕಿಯ ಅನ್ನ, ಗಟ್ಟಿ ಮೊಸರು. ಅಲ್ಲಿ ನಡೆಯದ ಮಾತು ಎಂದರೆ ‘ಸಾಕು’ ಒಂದೇ. ಸಾಕೆಂದವರಿಗೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು. ತಟ್ಟೆಗೆ ಕೈ ಅಡ್ಡ ಹಿಡಿದವರ ಕೈಮೇಲೆ ಬೀಳುತ್ತಿತ್ತು. ಒಬ್ಬ ಪೋಸ್ಟ್ ಮಾಸ್ತರರು ಉಂಡು ಎದ್ದು ಕೈ ತೊಳೆಯುತ್ತಿದ್ದಾಗ ಜಂಬಮ್ಮ ಅಲ್ಲಿಗೇ ಹೋಗಿ ಅವರ ತೊಳೆದ ಅಂಗೈಗೆ ಮೊಸರನ್ನ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರು ನಿಂತಲ್ಲೇ ತಿಂದು ಮತ್ತೆ ಕೈ ತೊಳೆದರು. ಎಲ್ಲರದೂ ಆದ ಮೇಲೆ ತಿಪ್ಪೇರುದ್ರಪ್ಪ ಕೂರುತ್ತಿದ್ದರು. ಉಳಿದದ್ದಷ್ಟನ್ನೂ ಜಂಬಮ್ಮ ಪ್ರೀತಿಯಿಂದ ಅವರ ತಟ್ಟೆಗೆ ಸುರಿಯುತ್ತಿದ್ದರು. ಅವರು ಮಾತಿಲ್ಲದೆ ಉಣ್ಣುತ್ತಿದ್ದರು. ಮಾತಾಡಿದ್ದನ್ನು ನಾನಂತೂ ಹತ್ತು ವರ್ಷದಲ್ಲಿ ನಾಲ್ಕೈದು ಸಲ ಕೇಳಿರಬಹುದು.

ನಾನು ಆ ಖಾನಾವಳಿಯ ದಿನದ ಗಿರಾಕಿ. ೧೯೮೬ರಲ್ಲಿ ಅದೇ ಓಣಿಯ ತುದಿಯಲ್ಲಿ ಪಂಪಾ ವಾಯುಯಾನ ಎಂಬ ಕಂಪನಿಯ ಆಫೀಸು ತೆರೆದಾಗ ಅಲ್ಲಿ ಟಿಕೆಟ್ ಗುಮಾಸ್ತನಾಗಿ ಸೇರಿಕೊಂಡೆ. ಖಾಸಗಿಯವರೂ ಸಣ್ಣ ವಿಮಾನ ಬಾಡಿಗೆಗೆ ಓಡಿಸಬಹುದು ಎಂದು ಆಗಷ್ಟೇ ಅಪ್ಪಣೆಯಾಗಿತ್ತು. ಕಂಪನಿಯ ಮಾಲೀಕರು ವಿರೂಪಾಕ್ಷಪ್ಪ, ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಸಾವ್ಕಾರರು. ಹೊಸ ಯಂತ್ರ ನೋಡಲೆಂದು ಅವರು ಒಮ್ಮೆ ಸಿಂಗಾಪುರಕ್ಕೆ ಹೋಗಿದ್ದರು. ಯಂತ್ರ ಹೇಗಿತ್ತು ಎಂದು ಕೇಳಿದರೆ ಅವರಿಗೆ ನೆನಪಿರಲಿಲ್ಲ. ಸಿಂಗಾಪುರವೂ ಅಷ್ಟಕ್ಕಷ್ಟೇ. ನೆನಪಿದ್ದದ್ದು ಹೋಗುವಾಗ ಕೂತಿದ್ದ ಬಿಸಿನೆಸ್ ಕ್ಲಾಸು. ಅಲ್ಲಿ ಅವರಿಗೆ ಬಿಸಿ ಟವೆಲು ಕೊಟ್ಟರಂತೆ, ಕಾಲಿಗೆ ಕಾಲುಚೀಲ ಕೊಟ್ಟರಂತೆ, ಊಟಕ್ಕೆ ಇದು ಬೇಕೋ ಅದು ಬೇಕೋ ಎಂದು ಬಗ್ಗಿ ಕೇಳಿದರಂತೆ. ಹಿಂದೆ ಕೂತವರಿಗೂ ಮುಂದೆ ಕೂತವರಿಗೂ ನಡುವೆ ಒಂದು ಪರದೆ ಇತ್ತಂತೆ. ಆ ಪರದೆಯ ಮಾತು ಬಂದಾಗ ಸಾವ್ಕಾರರ ದನಿ ಮೆತ್ತಗಾಗುತ್ತಿತ್ತು. ಬಳ್ಳಾರಿಗೂ ಅಂಥದ್ದೊಂದು ಬರಬೇಕು ಎಂದು ಅವರಿಗೆ ಅನ್ನಿಸಿತು. ಹದಿನೆಂಟು ಸೀಟಿನ ಹಳೆಯದೊಂದು ಪಂಖದ ವಿಮಾನ ಕೊಂಡು ಬಳ್ಳಾರಿಯಿಂದ ಬೆಂಗಳೂರಿಗೆ ವಾರಕ್ಕೆ ಮೂರು ದಿನ ಓಡಿಸತೊಡಗಿದರು.

ಹದಿನೆಂಟರಲ್ಲಿ ಮುಂದಿನ ಆರು ಸೀಟು ಬಿಸಿನೆಸ್ ಕ್ಲಾಸು. ಹಿಂದಿನ ಹನ್ನೆರಡಕ್ಕೂ ಅದಕ್ಕೂ ಸೀಟಿನಲ್ಲಿ ಏನೂ ಫರಕು ಇರಲಿಲ್ಲ. ಫರಕು ಇದ್ದದ್ದು ಪರದೆಯಲ್ಲಿ. ಅದನ್ನು ಸಾವ್ಕಾರರು ನಾಟಕ ಕಂಪನಿಗೆ ಪರದೆ ಹೊಲಿಯುವವನಿಂದಲೇ ಹಸಿರು ಮಖಮಲ್ಲಿನಲ್ಲಿ ಹೊಲಿಸಿದ್ದರು. ಸಿಂಗಾಪುರದ ದಾರಿಯಲ್ಲಿ ಕಂಡದ್ದನ್ನೆಲ್ಲ ನೆನಪಿನಿಂದ ತೆಗೆದು ನಲವತ್ತೊಂದು ನಿಯಮಗಳ ಒಂದು ಪುಸ್ತಕ ಬರೆಸಿದರು. ಬರೆದವನು ನಾನೇ. ಗಗನಸಖಿಯಾಗಿ ಕುರುಗೋಡಿನ ಸಾಲಿ ಮಾಸ್ತರರ ಮಗಳು ಸುವರ್ಣಮ್ಮ ಬಂದಳು. ಬೆಂಗಳೂರಿನಲ್ಲಿ ಮೂರು ತಿಂಗಳು ತರಬೇತಿ ಪಡೆದಿದ್ದ ಗಟ್ಟಿ ಹುಡುಗಿ. ವಿಮಾನ ನಡೆಸುವವರು ಕರೂರಿನ ಎರ್ರಣ್ಣ, ವಾಯುಪಡೆಯಿಂದ ನಿವೃತ್ತರಾದವರು.

ನಿಯಮಗಳು ಮೊದಲ ಬೇಸಿಗೆಗೇ ತೊಂದರೆ ಕೊಡತೊಡಗಿದವು. ಏಪ್ರಿಲ್ ತಿಂಗಳ ಬಳ್ಳಾರಿಯ ಬಿಸಿಲಿನಲ್ಲಿ ಬೆವರುತ್ತ ಹತ್ತಿ ಬಂದವರ ಕೈಗೆ ಸುವರ್ಣಮ್ಮ ಹೊಗೆಯಾಡುವ ಟವೆಲು ಇಡಬೇಕಿತ್ತು. ಸಣ್ಣ ತಟ್ಟೆಯಲ್ಲಿ ಸುರುಳಿ ಸುತ್ತಿ ಇಟ್ಟಿದ್ದನ್ನು ನೋಡಿ ಒಬ್ಬ ವ್ಯಾಪಾರಿ ಕಡುಬೆಂದು ತಿಳಿದು ಚಟ್ನಿ ತರಲು ಹೇಳಿದರು. ಕಾಲುಚೀಲವನ್ನು ಯಾರೂ ಹಾಕಿಕೊಳ್ಳಲಿಲ್ಲ, ಆದರೆ ಯಾರೂ ವಾಪಸು ಕೊಡಲೂ ಇಲ್ಲ. ಊಟ ಬೆಂಗಳೂರಿನ ಒಂದು ಹೋಟೆಲಿನಿಂದ ಬರುತ್ತಿತ್ತು. ಬಳ್ಳಾರಿಗೆ ಬಂದು ಮತ್ತೆ ಬೆಂಗಳೂರಿಗೆ ಹೊರಡುವ ಹೊತ್ತಿಗೆ ಅದು ಸಾಕಷ್ಟು ಪ್ರಯಾಣ ಮಾಡಿರುತ್ತಿತ್ತು. ದೂರುಗಳ ಪುಸ್ತಕ ನನ್ನ ಬಳಿ ಇತ್ತು. ಅದರಲ್ಲಿ ಒಬ್ಬರು ಬರೆದ ಮಾತು ಹೀಗಿತ್ತು: ‘ಎರಡು ಬ್ರೆಡ್ಡಿನ ನಡುವೆ ಏನಿದೆ ಎಂದು ಮೇಲಿನ ಬ್ರೆಡ್ಡು ಎತ್ತಿ ನೋಡಿದೆ. ಕೆಳಗಿನ ಬ್ರೆಡ್ಡು ಇತ್ತು.’

ಸಾವ್ಕಾರರು ಅದನ್ನು ಓದಿ ನನ್ನನ್ನು ಕರೆದುಕೊಂಡು ನೇರ ಖಾನಾವಳಿಗೆ ಬಂದರು. ವಾರಕ್ಕೆ ಮೂರು ದಿನ ಆರು ಜನಕ್ಕೆ ಊಟ ಕಟ್ಟಿ ಕೊಡಬೇಕು, ಎರಡು ಬಗೆ ಮಾಡಬೇಕು, ಅವರು ಒಂದನ್ನು ಆರಿಸಿಕೊಳ್ಳುತ್ತಾರೆ ಎಂದರು. ಜಂಬಮ್ಮನವರಿಗೆ ಆ ಆರಿಸುವ ಮಾತು ಅರ್ಥವಾಗಲಿಲ್ಲ. ಎರಡು ಮಾಡಿದ ಮೇಲೆ ಎರಡೂ ಬಡಿಸುವುದಲ್ಲವೇ, ಒಂದನ್ನು ಆರಿಸು ಎಂದರೆ ಇನ್ನೊಂದು ನಿನಗಿಲ್ಲ ಎಂದ ಹಾಗಲ್ಲವೇ ಎಂದು ಕೇಳಿದರು. ಸಾವ್ಕಾರರು ಅದನ್ನು ಬಿಟ್ಟುಕೊಟ್ಟರು. ಆಮೇಲೆ ಜಂಬಮ್ಮ ವಿಮಾನದಲ್ಲಿ ಒಟ್ಟು ಎಷ್ಟು ಮಂದಿ ಎಂದು ಕೇಳಿದರು. ಹದಿನೆಂಟು ಎಂದರು ಸಾವ್ಕಾರರು. ಉಳಿದ ಹನ್ನೆರಡು ಮಂದಿಗೆ ತಲಾ ಎರಡು ಬಿಸ್ಕೀಟು, ಒಂದು ಪೆಪ್ಪರಮೆಂಟು.

“ಎಲ್ಲಾರೂ ಒಂದ ಗಾಡ್ಯಾಗ ಕುಂತಿರ್ತಾರಲ್ರಿ ಸಾವ್ಕಾರ್ರೆ?” ಎಂದರು ಜಂಬಮ್ಮ.

“ಹೂಂ. ಆದ್ರ ನಡುವ ಪರದಿ ಐತಿ.”

“ಪರದಿ ಹಿಂದಿನೋರಿಗೆ ಮೂಗು ಇಲ್ಲೇನ್ರಿ? ವಾಸನಿ ಹಿಂದಕ ಹೋಗಂಗಿಲ್ಲೇನು?”

ಸಾವ್ಕಾರರು ಇದು ಲೋಕದಲ್ಲೆಲ್ಲ ಇರುವ ಪದ್ಧತಿ, ಬಳ್ಳಾರಿ ಒಂದರಿಂದ ಬದಲಾಗುವುದಿಲ್ಲ ಎಂದು ಬಹಳ ಹೊತ್ತು ಬಿಡಿಸಿ ಹೇಳಿದರು. ಜಂಬಮ್ಮ ಕಡೆಗೆ ಹೂಂ ಅಂದರು. ಯಾಕೆ ಒಪ್ಪಿದಿರಿ ಎಂದು ಆಮೇಲೆ ಕೇಳಿದೆ. ಉಪವಾಸ ಇರುವ ಹದಿನೆಂಟು ಮಂದಿಗಿಂತ ಉಪವಾಸ ಇರುವ ಹನ್ನೆರಡು ಮಂದಿ ಕಡಿಮೆಯಲ್ಲವೇ ಎಂದರು.

ಅವರ ಊಟ ಮೇಲೆ ಹೋದ ಮೊದಲ ದಿನವೇ ಸುದ್ದಿಯಾಯಿತು. ಡಬರಿಗಳಿಗೆ ಕಂಬಳಿ ಸುತ್ತಿ ಬಿಸಿ ಆರದಂತೆ ಕಳಿಸುತ್ತಿದ್ದರು. ಆರು ಮಂದಿಗೆ ಎಂದು ಅವರು ಕಳಿಸಿದ್ದು ಇಪ್ಪತ್ತು ಮಂದಿಗೆ ಸಾಲುವಷ್ಟಿರುತ್ತಿತ್ತು. ಮಿಕ್ಕಿದ್ದನ್ನು ಸುವರ್ಣಮ್ಮ ನಿಯಮದ ಪ್ರಕಾರ ಹಿಂದಿನವರಿಗೆ ಕೊಡುವಂತಿರಲಿಲ್ಲ, ಹಾಗೇ ವಾಪಸು ತರುತ್ತಿದ್ದಳು. ಒಂದು ದಿನ ಡಬರಿ ಒಪ್ಪಿಸಲು ಬಂದವಳು ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತಳು. ಆವತ್ತು ಹಿಂದಿನ ಸೀಟಿನಲ್ಲಿ ಒಬ್ಬ ಮುದುಕಿ ಇದ್ದಳಂತೆ, ಮಗಳ ಬಾಣಂತನಕ್ಕೆ ಹೊರಟವಳು. ಪರದೆ ಎಳೆದದ್ದನ್ನು, ಒಳಗಿನಿಂದ ತಟ್ಟೆಯ ಸದ್ದು ಬಂದದ್ದನ್ನು, ಹೋಳಿಗೆಯ ವಾಸನೆಯನ್ನು ಆಕೆ ಗಮನಿಸುತ್ತಿದ್ದಳು. ಸುವರ್ಣಮ್ಮ ಬಿಸ್ಕೀಟು ಕೊಡಲು ಹೋದಾಗ ಮುದುಕಿ ಕೈಮುಗಿದು, ಒಳಗೆ ಯಾವ ದೇವರು, ನೈವೇದ್ಯ ಮುಗಿದ ಮೇಲೆ ಪ್ರಸಾದ ನಮಗೂ ಬರುತ್ತದೋ ಎಂದು ಕೇಳಿದಳಂತೆ. ಪರದೆ ಸರಿದಾಗ ಒಳಗೆ ಕಂಡದ್ದು ಒಬ್ಬ ಕಂಟ್ರಾಕ್ಟರು ತೇಗುತ್ತಿದ್ದದ್ದು.

ಜಂಬಮ್ಮ ಇದನ್ನು ಕೇಳುತ್ತ ಕೈಯಲ್ಲಿದ್ದ ರೊಟ್ಟಿಯನ್ನು ಬಡಿಯುತ್ತಲೇ ಇದ್ದರು. ಅದು ಹರಿದು ಎರಡಾಗುವ ತನಕ ಬಡಿದರು.

ಅದೇ ತಿಂಗಳು ದಿಲ್ಲಿಯಿಂದ ಕಾಗದ ಬಂತು. ಕಂಪನಿಯ ಪರವಾನಗಿ ಮುಂದುವರಿಸುವ ಮೊದಲು ಊಟ, ಸೇವೆ, ಶಿಸ್ತು ಪರೀಕ್ಷಿಸಲು ಒಬ್ಬ ಅಧಿಕಾರಿ ಬರುತ್ತಾರೆ, ಒಂದು ಸಲ ವಿಮಾನದಲ್ಲಿ ಪ್ರಯಾಣ ಮಾಡುತ್ತಾರೆ ಎಂದಿತ್ತು. ವಿರೂಪಾಕ್ಷಪ್ಪ ಎರಡು ದಿನ ನಿದ್ದೆ ಮಾಡಲಿಲ್ಲ. ಮೂರನೆಯ ದಿನ ಖಾನಾವಳಿಗೆ ಬಂದು, ಆವತ್ತಿನ ಊಟ ಮಾತ್ರ ಜೀವಮಾನದಲ್ಲಿ ಮಾಡದಂಥ ಊಟ ಆಗಬೇಕು ಎಂದರು. ಆಗಲಿ, ಆದರೆ ನಾನೇ ಬಂದು ಬಡಿಸುತ್ತೇನೆ ಎಂದರು ಜಂಬಮ್ಮ. ಸಾವ್ಕಾರರಿಗೆ ಅನುಮಾನ ಬಂತು.

“ಒಂದು ಮಾತು ಕೊಡ್ರಿ ಜಂಬಮ್ಮಾರೆ. ಪರದಿ ದಾಟಿ ಹಿಂದಕ ಹೋಗಂಗಿಲ್ಲ.”

“ದಾಟಂಗಿಲ್ರಿ. ಬಸವಣ್ಣನ ಆಣಿ.”

ಡಬರಿ ಎತ್ತಿ ಇಳಿಸಲು ಒಬ್ಬರು ಬೇಕು ಎಂದು ತಿಪ್ಪೇರುದ್ರಪ್ಪನವರನ್ನೂ ಜೊತೆಗೆ ಕರೆದುಕೊಂಡರು. ಸರಕಿನ ಲೆಕ್ಕದಲ್ಲಿ ಅವರನ್ನು ಒಳಗೆ ಬಿಟ್ಟೆವು. ಆವತ್ತು ಪ್ರಯಾಣಿಕರ ಪಟ್ಟಿ ಹಿಡಿದು ನಾನೂ ಹೋಗಿದ್ದೆ, ಹಾಗಾಗಿ ಮುಂದಿನದನ್ನೆಲ್ಲ ಕಂಡಿದ್ದೇನೆ. ಸಾವ್ಕಾರರು ಮಾತ್ರ ಎದೆ ಹೊಡೆದುಕೊಳ್ಳುತ್ತದೆ ಎಂದು ನೆಲದ ಮೇಲೆಯೇ ಉಳಿದರು.

ತಪಾಸಣೆ ಸಾಹೇಬರು ತೆಳ್ಳನೆಯ ಮನುಷ್ಯ, ಮೊದಲ ಸಾಲಿನಲ್ಲಿ ಕೂತು ಮಡಿಲಲ್ಲಿ ಫೈಲು ಇಟ್ಟುಕೊಂಡಿದ್ದರು. ವಿಮಾನ ಮೇಲೇರಿ ನೆಟ್ಟಗಾಯಿತು. ಸುವರ್ಣಮ್ಮ ನಿಯಮದಂತೆ ಪರದೆ ಎಳೆದಳು. ಜಂಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತು, ಪರದೆಯನ್ನು ಮೇಲಿಂದ ಕೆಳಗೆ ನೋಡಿದರು. ಅದು ಕೊಕ್ಕೆಗಳಿಗೆ ನೇತು ಹಾಕಿದ್ದ ಪರದೆ. ಗಂಡನಿಗೆ ಕಣ್ಣಲ್ಲೇ ಹೇಳಿದರು. ತಿಪ್ಪೇರುದ್ರಪ್ಪ ಕೊಕ್ಕೆ ಕಳಚಿ, ಪರದೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದುಕೊಂಡು, ಅಡಿ ಅಡಿ ಹಿಂದಕ್ಕೆ ಸರಿಯುತ್ತ ಹೋದರು. ಜಂಬಮ್ಮ ಅದರ ಮುಂದೆ ಮುಂದೆ ನಡೆದರು. ಒಂದು ಸಾಲು ದಾಟಿದರು, ಎರಡು, ಮೂರು, ಹಿಂದಿನ ಆರೂ ಸಾಲು ಮುಗಿಯಿತು. ಕಡೆಯ ಸೀಟಿನ ಹಿಂದೆ, ಸಾಮಾನು ಇಡುವ ಜಾಗದಲ್ಲಿ ತಿಪ್ಪೇರುದ್ರಪ್ಪ ಬೆನ್ನಿಗೆ ಗೋಡೆ ಕೊಟ್ಟು, ಕೈ ಮೇಲೆತ್ತಿ ಪರದೆ ಹಿಡಿದು ನಿಂತರು. ಈಗ ಹದಿನೆಂಟು ಮಂದಿಯೂ ಪರದೆಯ ಮುಂದೆ ಇದ್ದರು. ಜಂಬಮ್ಮ ಪರದೆ ದಾಟಿರಲಿಲ್ಲ.

ಸುವರ್ಣಮ್ಮ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

ಮೊದಲು ಉಪ್ಪು, ಉಪ್ಪಿನಕಾಯಿ, ಗುರೆಳ್ಳು ಚಟ್ನಿ, ಕೋಸಂಬರಿ. ಆಮೇಲೆ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ. ಪಂಕ್ತಿಯಲ್ಲಿ ಬಡಿಸುವ ಕ್ರಮ ತಪ್ಪಲಿಲ್ಲ. ಈ ತುದಿಯಿಂದ ಆ ತುದಿಗೆ ಹೋಗಿ, ಆ ತುದಿಯಿಂದ ಈ ತುದಿಗೆ ಬಂದರು. ವಿಮಾನ ಸ್ವಲ್ಪ ಅಲುಗಿದರೂ ಜಂಬಮ್ಮನವರ ಕೈಯ ಸೌಟು ಅಲುಗಲಿಲ್ಲ. ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ಜಂಬಮ್ಮನವರಿಗೆ ಬಜಾರಿನಿಂದ ಕಲಿತ ಹಿಂದಿಯ ಮೂರು ಮಾತು ಗೊತ್ತಿದ್ದವು: ಉಣ್ಣಿ ಎನ್ನಲು ಖಾವೋ, ಇನ್ನಷ್ಟು ಎನ್ನಲು ಔರ್, ಯಾಕೆ ಎನ್ನಲು ಕ್ಯೂಂ. ಸಾಹೇಬರು ಬೇಡವೆಂದು ಕೈ ಆಡಿಸಿದಾಗಲೆಲ್ಲ ಇವರು ನೊಂದ ದನಿಯಲ್ಲಿ ‘ಕ್ಯೂಂ’ ಎನ್ನುತ್ತಿದ್ದರು. ನಾಲ್ಕನೆಯ ಹೋಳಿಗೆಯ ಹೊತ್ತಿಗೆ ಸಾಹೇಬರು ಫೈಲನ್ನು ಕಾಲ ಕೆಳಗೆ ಇಟ್ಟಿದ್ದರು.

ಬಳ್ಳಾರಿಯಿಂದ ಬೆಂಗಳೂರಿಗೆ ಐವತ್ತು ನಿಮಿಷ. ಐವತ್ತು ನಿಮಿಷದಲ್ಲಿ ಪೂರ್ತಿ ಊಟ ಮುಗಿಯುವುದಿಲ್ಲ ಎಂದು ಯಾರೂ ಯೋಚಿಸಿರಲಿಲ್ಲ. ಅನ್ನ ಸಾರು ನಡೆದಿದ್ದಾಗ ಎರ್ರಣ್ಣನವರ ದನಿ ಕೇಳಿತು, ಇಳಿಯುತ್ತಿದ್ದೇವೆ, ಮುಂದಿನ ಮಣೆ ಮಡಚಿ ಬೆಲ್ಟು ಕಟ್ಟಿಕೊಳ್ಳಿ ಎಂದು. ಜಂಬಮ್ಮ ಸೌಟು ಹಿಡಿದೇ ಮುಂದೆ ಹೋಗಿ ಅವರ ಬಾಗಿಲು ತಟ್ಟಿದರು.

“ಎರ್ರಣ್ಣಾ, ಇನ್ನಾ ಮೊಸರನ್ನ ಆಗಿಲ್ಲಪಾ. ಉಣ್ಣೋರ ಮುಂದಿನ ತಾಟು ಎತ್ತಾಕ ಹೆಂಗ ಬರ್ತೈತಿ?”

“ಯಕ್ಕಾ, ಕೆಳಗ ಜಾಗ ಖಾಲಿ ಮಾಡಿ ಕಾಯಾಕತ್ತಾರ.”

“ಕಾಯಲಿ. ಉಣ್ಣೋರನ್ನ ಎಬ್ಬಿಸಬಾರ್ದು. ನಿಮ್ಮವ್ವ ನಿನಗ ಹೇಳಿಲ್ಲೇನು?”

ಎರ್ರಣ್ಣನವರು ಯುದ್ಧ ಕಂಡವರು. ಆದರೆ ಅವರ ತಾಯಿ ಅದನ್ನು ನಿಜವಾಗಿಯೂ ಹೇಳಿದ್ದರು. ಕೆಳಗಿನ ಕಂಟ್ರೋಲಿಗೆ, ಒಳಗೆ ಒಂದು ಕೆಲಸ ಬಾಕಿ ಇದೆ, ಸುತ್ತು ಹೊಡೆಯಲು ಅಪ್ಪಣೆ ಬೇಕು ಎಂದರಂತೆ. ಯಾವ ಕೆಲಸ ಎಂದು ಅವರು ಕೇಳಿದರಂತೆ. ಎರ್ರಣ್ಣ ಸ್ವಲ್ಪ ಯೋಚಿಸಿ, ಕೊನೆಯ ಹಂತದ್ದು ಎಂದರಂತೆ. ಅಪ್ಪಣೆ ಸಿಕ್ಕಿತು. ನಾವು ಬೆಂಗಳೂರಿನ ಕೆರೆಗಳ ಮೇಲೆ ನಿಧಾನಕ್ಕೆ ಮೂರು ಸುತ್ತು ಹಾಕಿದೆವು. ಮೊದಲ ಸುತ್ತಿನಲ್ಲಿ ಮೊಸರನ್ನ, ಎರಡನೆಯದರಲ್ಲಿ ಮತ್ತೆ ಮೊಸರನ್ನ, ಮೂರನೆಯದರಲ್ಲಿ ಎಲೆ ಅಡಿಕೆ. ಇಳಿದಾಗ ತಪಾಸಣೆ ಸಾಹೇಬರನ್ನು ಇಬ್ಬರು ಹಿಡಿದು ಮೆಟ್ಟಿಲು ಇಳಿಸಿದರು. ಕೆಳಗೆ ನಿಂತು ಅವರು ಜಂಬಮ್ಮನವರಿಗೆ ಕೈಮುಗಿದರು.

ಮೂರು ವಾರ ಕಳೆದ ಮೇಲೆ ವರದಿ ಬಂತು. ಅದನ್ನು ಸಾವ್ಕಾರರಿಗೆ ಕನ್ನಡದಲ್ಲಿ ಓದಿ ಹೇಳಿದವನು ನಾನು. ಈ ವಿಮಾನದ ಹದಿನೆಂಟೂ ಆಸನಗಳು ಬಿಸಿನೆಸ್ ಕ್ಲಾಸಿನವು ಎಂದು ಅದರಲ್ಲಿತ್ತು. ಊಟದ ಗುಣಮಟ್ಟ ಅತ್ಯುತ್ತಮ. ಸೇವೆ ಅತ್ಯುತ್ತಮ, ಆದರೆ ನಿರಾಕರಿಸಲು ಅವಕಾಶ ಕಂಡುಬರಲಿಲ್ಲ. ಪರವಾನಗಿ ಮುಂದುವರಿಸಬಹುದು. ಇಷ್ಟರಲ್ಲಿ ಸಾವ್ಕಾರರ ಮುಖ ಅರಳಿತ್ತು. ಎರಡನೆಯ ಪುಟದಲ್ಲಿ ಒಂದು ಆಕ್ಷೇಪ ಇತ್ತು. ‘ಪರದೆಯ ಹಿಂದಿನ ಸಾಮಾನ್ಯ ದರ್ಜೆಯಲ್ಲಿ ಒಬ್ಬ ಪ್ರಯಾಣಿಕರಿದ್ದು, ಅವರನ್ನು ಪ್ರಯಾಣದುದ್ದಕ್ಕೂ ನಿಲ್ಲಿಸಲಾಗಿತ್ತು. ಊಟವನ್ನೂ ಕೊಟ್ಟಿರಲಿಲ್ಲ. ಕೂಡಲೇ ಸರಿಪಡಿಸಿ ವರದಿ ಮಾಡುವುದು.’

ಆತ ಪ್ರಯಾಣಿಕ ಅಲ್ಲ, ಅಡುಗೆಯವರ ಗಂಡ ಎಂದು ನಾವು ಬರೆದೆವು. ಸಂಬಂಧವನ್ನು ಗಮನಿಸಲಾಗಿದೆ, ಆಸನದ ಬಗ್ಗೆ ತಿಳಿಸಿ ಎಂದು ಉತ್ತರ ಬಂತು. ಆತ ಪರದೆ ಹಿಡಿಯುವ ಕೆಲಸದಲ್ಲಿದ್ದ ಎಂದು ಬರೆದೆವು. ಸಿಬ್ಬಂದಿಯಾದರೆ ತರಬೇತಿಯ ಸರ್ಟಿಫಿಕೇಟು ಕಳಿಸಿ, ಪ್ರಯಾಣಿಕನಾದರೆ ಟಿಕೆಟಿನ ಪ್ರತಿ ಕಳಿಸಿ ಎಂದು ಉತ್ತರ ಬಂತು. ಪರದೆ ಹಿಡಿಯುವ ಸರ್ಟಿಫಿಕೇಟು ಎಲ್ಲಿ ಕೊಡುತ್ತಾರೆ ಎಂದು ಸಾವ್ಕಾರರು ಹೈದರಾಬಾದಿನವರೆಗೂ ವಿಚಾರಿಸಿದರು. ಸಿಗಲಿಲ್ಲ. ಹಾಗಾಗಿ ತಿಪ್ಪೇರುದ್ರಪ್ಪನವರಿಗೆ ನಾನೇ ಟಿಕೆಟ್ ಬರೆದೆ. ವಿಮಾನದ ತುದಿಯಲ್ಲಿ, ಸಾಮಾನಿನ ಜಾಗದಲ್ಲಿ, ಹತ್ತೊಂಬತ್ತನೆಯದಾಗಿ ಒಂದು ಸೀಟು ಕೂರಿಸಿದರು. ಪರದೆಯನ್ನು ಅದರ ಮುಂದೆ ಖಾಯಂ ಆಗಿ ಹಾಕಿದರು. ಹೊಸ ಪರವಾನಗಿಯಲ್ಲಿ ಹದಿನೆಂಟು ಬಿಸಿನೆಸ್ ಕ್ಲಾಸು, ಒಂದು ಸಾಮಾನ್ಯ ದರ್ಜೆ ಎಂದು ಮುದ್ರೆ ಬಿತ್ತು. ಆ ಸಾಮಾನ್ಯ ದರ್ಜೆಗೆ ಕೊಡತಕ್ಕದ್ದು ಎರಡು ಬಿಸ್ಕೀಟು, ಒಂದು ಪೆಪ್ಪರಮೆಂಟು ಎಂಬುದೂ ನಮ್ಮ ನಿಯಮದ ಪುಸ್ತಕದಿಂದಲೇ ಅಲ್ಲಿ ಸೇರಿಕೊಂಡಿತು.

ಮುನ್ಸೂಚನೆ ಇಲ್ಲದೆ ಮತ್ತೆ ತಪಾಸಣೆ ಮಾಡಲಾಗುವುದು ಎಂದು ಕಾಗದದ ಕೊನೆಗೆ ಇದ್ದುದರಿಂದ ಆ ಸೀಟು ಖಾಲಿ ಹೋಗುವಂತಿರಲಿಲ್ಲ. ಬೇರೆ ಯಾರನ್ನಾದರೂ ಕೂರಿಸೋಣ ಎಂದರೆ ಜಂಬಮ್ಮ, ಪರರ ಮಕ್ಕಳನ್ನು ಹಾಗೆ ಪರದೆಯ ಹಿಂದೆ ಕೂರಿಸಿದರೆ ಅವತ್ತೇ ಒಲೆ ಆರಿಸುತ್ತೇನೆ ಎಂದುಬಿಟ್ಟರು. ಮನೆಯವರಾದರೆ ಅದು ಬೇರೆ. ಹೀಗೆ ತಿಪ್ಪೇರುದ್ರಪ್ಪ ವಾರಕ್ಕೆ ಮೂರು ಸಲ ಬಳ್ಳಾರಿಯಿಂದ ಬೆಂಗಳೂರಿಗೆ ಹೋಗಿ ಬರುವ ಕೆಲಸಕ್ಕೆ ಬಿದ್ದರು. ಬೆಂಗಳೂರಿನಲ್ಲಿ ಅವರಿಗೆ ಏನೂ ಕೆಲಸ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ.

ಇತ್ತ, ಜಂಬಮ್ಮ ಪ್ರತಿ ಸಲವೂ ತಾವೇ ಬಂದು ಬಡಿಸತೊಡಗಿದ ಮೇಲೆ, ಹದಿನೆಂಟು ಸೀಟಿಗೆ ನೂಕುನುಗ್ಗಲು. ಸಿರುಗುಪ್ಪದ ಭತ್ತದ ವ್ಯಾಪಾರಿಗಳು ನಾಲ್ವರು ಒಂದು ಸೋಮವಾರ ಬೆಂಗಳೂರಿಗೆ ಟಿಕೆಟ್ ಮಾಡಿಸಿ, ಅಲ್ಲಿ ಸೀಟು ಬಿಟ್ಟೇಳದೆ, ಅದೇ ವಿಮಾನದಲ್ಲಿ ವಾಪಸು ಬಂದರು. ಹೋಗುವಾಗ ಮಧ್ಯಾಹ್ನದ ಊಟ, ಬರುವಾಗ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ಬೆಂಗಳೂರಿನಲ್ಲಿ ಕೆಲಸ ಇರಲಿಲ್ಲವೇ ಎಂದು ನಾನು ಕೇಳಿದೆ. ಈಗ ತಾನೇ ಮುಗಿಯಿತಲ್ಲ ಎಂದರು.

ಜಂಬಮ್ಮನವರಿಗೆ ಮಾತ್ರ ಒಳಗೊಳಗೇ ಕೊರೆಯುತ್ತಿತ್ತು. ಹದಿನೆಂಟು ಮಂದಿಗೆ ಕೈತುಂಬ ಬಡಿಸಿ ತಿರುಗಿದರೆ ಎದುರಿಗೆ ಹಸಿರು ಪರದೆ, ಅದರ ಹಿಂದೆ ಕಟ್ಟಿಕೊಂಡ ಗಂಡ. ಒಂದು ದಿನ ತಡೆಯಲಾರದೆ, ಪರದೆ ದಾಟದೆ, ಅದರ ಕೆಳಗಿನಿಂದ ಹೋಳಿಗೆಯ ತಟ್ಟೆಯನ್ನು ಒಳಕ್ಕೆ ಸರಿಸಿದರು. ಸ್ವಲ್ಪ ಹೊತ್ತಿಗೆ ತಟ್ಟೆ ಅದೇ ದಾರಿಯಲ್ಲಿ ಹೊರಗೆ ಬಂತು. ಹೋಳಿಗೆ ಹಾಗೇ ಇತ್ತು. ಕಾಣಲಿಲ್ಲವೇನೋ ಎಂದು ಮತ್ತೆ ಸರಿಸಿದರು, ಮತ್ತೆ ಬಂತು. ಮೂರನೆಯ ಸಲ ತಟ್ಟೆ ಒಳಗೆ ಹೋಗಲೇ ಇಲ್ಲ, ಆ ಕಡೆಯಿಂದ ಒಂದು ಕಾಲು ಅಡ್ಡ ಬಂದಿತ್ತು.

ಆವತ್ತು ಸಂಜೆ ನಾನು ಖಾನಾವಳಿಯ ಕಟ್ಟೆಯ ಮೇಲೆ ಕೂತಿದ್ದೆ. ಜಂಬಮ್ಮ ಗಂಡನ ಎದುರು ನಿಂತು, ಸಿಟ್ಟು ಇದ್ದರೆ ಬಾಯಿ ಬಿಟ್ಟು ಹೇಳಿರಿ, ನಾನೇನು ಬೇಕೆಂದು ನಿಮ್ಮನ್ನು ಆ ಮೂಲೆಗೆ ಹಾಕಿದ್ದೇನೆಯೇ ಎಂದು ಕೇಳಿದರು. ತಿಪ್ಪೇರುದ್ರಪ್ಪ ರುಬ್ಬುವ ಗುಂಡನ್ನು ನಿಲ್ಲಿಸಿದರು. ಕೈ ಒರೆಸಿಕೊಂಡರು.

“ಸಿಟ್ಟಿಲ್ಲ. ನನಗ ಅಲ್ಲೇ ಚಲೋ ಐತಿ.”

“ಎರಡು ಬಿಸ್ಕೀಟಿನಾಗ ಚಲೋ ಏನು ಐತ್ರಿ?”

“ಎರಡ ಅದಾವಲ್ಲ, ಅದ ಚಲೋ. ತಿಂತೀನಿ, ಮುಗೀತಾವ. ಆಮ್ಯಾಲ ಯಾರೂ ಏನೂ ಕೇಳಂಗಿಲ್ಲ.” ಮತ್ತೆ ಅಂದರು, “ಇಪ್ಪತ್ತಾರು ವರ್ಷ ಆತು. ನನಗ ಎಷ್ಟು ಹಸಿವಿ ಆಗ್ತೈತಿ ಅಂತ ನನಗ ಗೊತ್ತಿರಲಿಲ್ಲ. ಅಲ್ಲಿ ಕುಂತಮ್ಯಾಲ ಗೊತ್ತಾತು.”

ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಮೊದಲ ಸಲ ಕೇಳಿದ್ದು. ಜಂಬಮ್ಮನವರೂ ಬಹುಶಃ ಹಾಗೆಯೇ. ಅವರು ಒಳಗೆ ಹೋಗಿ ಒಲೆಯ ಮುಂದೆ ಕೂತರು. ಅಳಲಿಲ್ಲ. ಉರಿಯುವ ಕಟ್ಟಿಗೆಯನ್ನು ಸುಮ್ಮನೆ ಹಿಂದಕ್ಕೂ ಮುಂದಕ್ಕೂ ಸರಿಸುತ್ತಿದ್ದರು. ನನಗೆ ಅಲ್ಲಿ ಕೂರುವುದು ಸರಿ ಕಾಣಲಿಲ್ಲ, ಉಣ್ಣದೆ ಎದ್ದು ಬಂದೆ. ಖಾನಾವಳಿಯಿಂದ ಯಾರಾದರೂ ಉಣ್ಣದೆ ಹೋದದ್ದು ಅದೇ ಮೊದಲು, ಅದನ್ನೂ ಅವರು ಗಮನಿಸಲಿಲ್ಲ.

ಮುಂದಿನ ಸಲ ನಾನೂ ವಿಮಾನದಲ್ಲಿದ್ದೆ. ಜಂಬಮ್ಮ ಎಂದಿನಂತೆ ಬಡಿಸಿದರು. ಎರಡನೆಯ ಸಾಲಿನಲ್ಲಿ ಕೂತಿದ್ದ ಒಬ್ಬ ವಕೀಲರು ರೂಢಿಯಂತೆ ಸಾಕಮ್ಮಾ ಎಂದರು. ಜಂಬಮ್ಮನವರ ಕೈ ನಿಂತಿತು. ರೊಟ್ಟಿ ಬುಟ್ಟಿಗೆ ವಾಪಸು ಹೋಯಿತು. ವಕೀಲರು ಗಾಬರಿಯಾಗಿ ತಲೆ ಎತ್ತಿ, ಯಾಕೆ ತಾಯಿ, ತೀರಿತೇ ಎಂದು ಕೇಳಿದರು. ಇಡೀ ವಿಮಾನ ತಿರುಗಿ ನೋಡಿತು. ಆವತ್ತು ಐವತ್ತು ನಿಮಿಷಕ್ಕೆ ಊಟ ಮುಗಿದು, ಎಂದಿನ ಸುತ್ತು ಹೊಡೆಯದೆ ಇಳಿದೆವು. ಹೇಳಿದ ಸಮಯಕ್ಕೆ ನಾವು ಬಂದದ್ದು ಕಂಡು ಕೆಳಗಿನ ಕಂಟ್ರೋಲಿನವರು ಎಲ್ಲ ಸರಿಯಾಗಿದೆಯೇ ಎಂದು ಎರ್ರಣ್ಣನವರನ್ನು ಎರಡು ಸಲ ಕೇಳಿದರಂತೆ.

೧೯೮೯ರ ಮಳೆಗಾಲದಲ್ಲಿ ವಿಮಾನದ ಒಂದು ಪಂಖ ಕೆಟ್ಟಿತು. ಅದಕ್ಕೆ ಹೊಂದುವ ಬಿಡಿಭಾಗ ಲೋಕದಲ್ಲಿ ಎಲ್ಲೂ ತಯಾರಾಗುತ್ತಿಲ್ಲ ಎಂದು ಗೊತ್ತಾಯಿತು. ಸಾವ್ಕಾರರು ವಿಮಾನ ಮಾರಿ ಮತ್ತೆ ಹತ್ತಿಯ ಕಡೆ ಲಕ್ಷ್ಯ ಕೊಟ್ಟರು. ಸುವರ್ಣಮ್ಮ ಬೊಂಬಾಯಿಯ ದೊಡ್ಡ ಕಂಪನಿಗೆ ಹೋದಳು. ನಾನು ಬಸ್ ಕಂಪನಿಯ ಟಿಕೆಟ್ ಬರೆಯತೊಡಗಿದೆ. ತಿಪ್ಪೇರುದ್ರಪ್ಪ ಕೆಲವು ದಿನ ಮಂಕಾಗಿದ್ದರು.

ಆ ಶ್ರಾವಣದಲ್ಲಿ ಖಾನಾವಳಿಯ ಕಿಟಕಿಯ ಪಕ್ಕದ ಮೂಲೆಯಲ್ಲಿ ಜಂಬಮ್ಮ ಒಂದು ಸಣ್ಣ ಮೇಜು ಹಾಕಿಸಿದರು. ಅಲ್ಲಿ ಕೂತವರು ಎಷ್ಟು ಕೇಳುತ್ತಾರೋ ಅಷ್ಟೇ, ಎರಡನೆಯ ಸಲ ಯಾರೂ ಬಂದು ಕೇಳುವುದಿಲ್ಲ ಎಂದು ಎಲ್ಲರಿಗೂ ತಿಳಿಸಿದರು. ಒಬ್ಬ ಸಕ್ಕರೆ ಕಾಯಿಲೆಯ ಮಾಸ್ತರರು ಅಲ್ಲಿ ಕೂರುತ್ತಿದ್ದರು. ಆಮೇಲೆ ತಿಪ್ಪೇರುದ್ರಪ್ಪ, ಮಧ್ಯಾಹ್ನ ಎಲ್ಲರದೂ ಆದ ಮೇಲೆ, ಎರಡು ರೊಟ್ಟಿ, ಒಂದು ಸೌಟು ಪಲ್ಯ. ಅವರು ನಿಧಾನಕ್ಕೆ, ಒಂದೊಂದು ತುತ್ತನ್ನೂ ನೋಡಿಕೊಂಡು ಉಣ್ಣುತ್ತಿದ್ದರು. ಅಷ್ಟು ಹೊತ್ತೂ ಜಂಬಮ್ಮ ಆ ಕಡೆಗೆ ಬೆನ್ನು ಮಾಡಿ, ಬುಟ್ಟಿಯನ್ನು ಎದೆಗೆ ಅವಚಿಕೊಂಡು ಗೋಡೆ ನೋಡುತ್ತ ನಿಂತಿರುತ್ತಿದ್ದರು. ಖಾಲಿ ತಟ್ಟೆ ಕಣ್ಣಿಗೆ ಬಿದ್ದರೆ ತನ್ನ ಕೈ ತನ್ನ ಮಾತು ಕೇಳುವುದಿಲ್ಲ ಎಂದು ನನಗೆ ಒಮ್ಮೆ ಹೇಳಿದರು.